ಒಂದು ಮಡಿಲು ಕಡಿಮೆ

ಸಿದೆಮೆನ್, ಬಾಲಿ
ಜನವರಿ ೧೨

ಬ್ಲಿ ನೆಂಗಾ ಅವರಿಗೆ,

ಹಡಗಿನ ಕೆಲಸಕ್ಕೆಂದು ನೀರಿನ ಮೇಲಿರುವ ನಿಮಗೆ ನೆಲದ ಮೇಲಿರುವ ಎಲ್ಲರ ನೆನಪುಗಳು. ಇಲ್ಲಿ ಎಲ್ಲ ಅಚ್ಚುಕಟ್ಟಾಗಿದೆ. ಮಕ್ಕಳು ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ, ಹೊತ್ತಿಗೆ ಸರಿಯಾಗಿ ಮಲಗುತ್ತಾರೆ. ಪುಟುವಿನ ಅಕ್ಷರ ದುಂಡಗಿದೆ ಎಂದು ಒಂದನೇ ತರಗತಿಯ ಮೇಷ್ಟ್ರು ಹೇಳಿದರು. ಕಾದೆಕ್‌ಗೆ ಮೂರೂವರೆ ಆಯಿತು. ಜಾಣನಾಗಿದ್ದಾನೆ, ಹೇಳಿದ ಮಾತು ಕೇಳುತ್ತಾನೆ.

ನೀವಿನ್ನೂ ನೋಡದ ಕೊಮಾಂಗ್ ಗುಂಡುಗುಂಡಗಿದ್ದಾಳೆ. ಕಿವಿ ನಿಮ್ಮದೇ. ಹೋದ ವಾರ ನಿಮ್ಮ ಅಮ್ಮ ದೈವ ನುಡಿಯುವವಳ ಹತ್ತಿರ ಹೋಗಿ, ಈ ಮಗುವಾಗಿ ನಮ್ಮ ಮನೆಗೆ ಮರಳಿ ಬಂದ ಹಿರಿಯರು ಯಾರೆಂದು ಕೇಳಿಸಿಕೊಂಡು ಬಂದರು. ನಿಮ್ಮ ಅಜ್ಜಿಯಂತೆ. ಅಂದರೆ ನಿಮ್ಮ ಅಮ್ಮನಿಗೆ ಅತ್ತೆ. ಅಂದಿನಿಂದ ಮಗುವಿಗೆ ಬಹುವಚನ. "ಅತ್ತೆಮ್ಮಾ, ಎದ್ದಿರಾ?" ಎಂದು ಬೆಳಿಗ್ಗೆ ಕೈಮುಗಿದು ಕೇಳುತ್ತಾರೆ.

ಮೇ ಕೊನೆಯ ವಾರ ಕೊಮಾಂಗ್‌ಳ ಒತೊನ್. ನಮ್ಮ ಪಂಚಾಂಗದ ಏಳು ತಿಂಗಳ ಒಂದು ಸುತ್ತು ಅಂದಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಅವಳ ಪಾದ ನೆಲಕ್ಕೆ ತಾಗುವಂತಿಲ್ಲ. ಮಡಿಲಿಂದ ಮಡಿಲಿಗೆ ದಾಟಿಸುತ್ತಿದ್ದೇವೆ. ನಿಮ್ಮ ಕರಾರು ಮೇ ನಡುವಿಗೆ ಮುಗಿಯುವುದರಿಂದ ಅವಳನ್ನು ಮೊದಲ ಸಲ ಭೂಮಿಗಿಳಿಸುವವರು ನೀವೇ. ಆ ಹೆಜ್ಜೆಯನ್ನು ನಿಮಗೆಂದೇ ಎತ್ತಿಟ್ಟಿದ್ದೇವೆ.

ನಿಮ್ಮ
ಮೂರ್ನಿ

ಹಾಳೆಯ ಮೂಲೆ ಹರಿದಿರುವುದು ಇಲಿಯ ಕೆಲಸ. ನಡುವಿನ ಕಲೆ ಕಾಫಿಯದು. ಬೇರೆ ಏನೂ ವಿಶೇಷವಿಲ್ಲ.


ಮಯಾಮಿ ಬಂದರು
ಫೆಬ್ರವರಿ ೩

ಮೂರ್ನಿ,

ನಿನ್ನ ಕಾಗದ ಬಂತು. ಇಲಿಗೆ ಇಡೀ ಮನೆಯಲ್ಲಿ ತಿನ್ನಲು ನನ್ನ ಕಾಗದವೇ ಬೇಕಾಯಿತೇ.

ನಾನು ಚೆನ್ನಾಗಿದ್ದೇನೆ. ಊಟಕ್ಕೆ ಕೊರತೆಯಿಲ್ಲ, ಅನ್ನ ಮಾತ್ರ ಅನ್ನದ ಹಾಗಿರುವುದಿಲ್ಲ. ಪ್ರಯಾಣಿಕರು ಬೆಳಿಗ್ಗೆ ತಿಂಡಿಗೆ ಹೋದ ಕೂಡಲೇ ಅವರ ಕೋಣೆಗಳಿಗೆ ನುಗ್ಗಿ ಹಾಸಿಗೆ ಸರಿಮಾಡುತ್ತೇನೆ. ಸಂಜೆ ಮತ್ತೆ ಹೋಗಿ ಬಿಳಿ ಟವೆಲ್ ಮಡಚಿ ಪ್ರಾಣಿ ಮಾಡಿ ಹಾಸಿಗೆಯ ಮೇಲೆ ಕೂರಿಸಬೇಕು. ಹಂಸ, ಮೊಲ, ಆನೆ. ನನ್ನ ಆನೆಗೆ ಈ ಮಹಡಿಯಲ್ಲಿ ಒಳ್ಳೆಯ ಹೆಸರಿದೆ. ಒಬ್ಬ ಹುಡುಗ ಅದನ್ನು ತಬ್ಬಿಕೊಂಡೇ ಊಟಕ್ಕೆ ಹೋಗಿದ್ದನಂತೆ. ಮಡಚುವ ವಿಧಾನದ ಚಿತ್ರ ಬರೆದು ಇದರೊಳಗೆ ಇಟ್ಟಿದ್ದೇನೆ. ಪುಟುವಿಗೆ ಕೊಡು.

ಒಂದು ವಿಷಯ. ಮೇಲಿನವರು ನನ್ನ ಕೆಲಸ ಮೆಚ್ಚಿದ್ದಾರೆ. ನಡುವೆ ಊರಿಗೆ ಹೋಗದೆ ವರ್ಷದ ಕೊನೆಯವರೆಗೆ ಮುಂದುವರಿಯುತ್ತೀಯಾ ಎಂದು ಕೇಳಿದರು. ಹಡಗು ಏಪ್ರಿಲ್‌ನಲ್ಲಿ ಸಾಗರ ದಾಟಿ ಲಿಸ್ಬನ್ ಮುಟ್ಟುತ್ತದೆ, ಅಷ್ಟರೊಳಗೆ ಉತ್ತರ ಹೇಳಬೇಕು. ಆ ದುಡ್ಡಿನಲ್ಲಿ ಬಡಗಣ ಕೋಣೆಗೆ ಹೊಸ ಮಾಡು ಹಾಕಿಸಬಹುದು. ನಿನ್ನ ಕಾಗದ ಓದಿದ ಮೇಲೆ ಇನ್ನೊಂದು ಯೋಚನೆಯೂ ಬಂತು. ನೀನು ಮನೆಯನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸುತ್ತಿರುವಾಗ ನಾನು ಬಂದು ಮಾಡುವುದಾದರೂ ಏನು? ಮಕ್ಕಳು ಹೊತ್ತಿಗೆ ಸರಿಯಾಗಿ ಉಂಡು ಮಲಗುತ್ತಿದ್ದಾರೆ. ನಾನಿದ್ದಾಗ ಹಾಗೆ ಒಂದು ದಿನವೂ ಮಲಗಿದ್ದು ನೆನಪಿಲ್ಲ.

ನೀನು ಏನನ್ನುತ್ತೀ, ಬರೆ.

ನೆಂಗಾ


ಸಿದೆಮೆನ್
ಫೆಬ್ರವರಿ ೨೪

ಬ್ಲಿ ನೆಂಗಾ ಅವರಿಗೆ,

ಕಾಗದ ತಲುಪಿತು. ಚಿತ್ರವನ್ನು ಪುಟುವಿಗೆ ಕೊಟ್ಟೆ. ಮಕ್ಕಳು ಅದನ್ನು ನೋಡಿ ಸುಮ್ಮನೆ ಸಂತೋಷಪಟ್ಟರು.

ಕೆಲಸದ ವಿಷಯ ನಿಮಗೆ ಸರಿ ಕಂಡಂತೆ ಮಾಡಿ. ಮಾಡು ಹಾಕಿಸುವುದು ಒಳ್ಳೆಯದೇ. ಒತೊನ್‌ಗೆ ನೀವು ಇರಲೇಬೇಕೆಂದೇನೂ ಇಲ್ಲ. ನಿಮ್ಮ ಅಣ್ಣ ಇದ್ದಾರೆ, ಮಗುವನ್ನು ಹಿಡಿದುಕೊಳ್ಳುತ್ತಾರೆ. ನಮ್ಮ ಚಿಂತೆ ಬೇಡ.

ಇಲ್ಲಿ ಎಲ್ಲ ಅಚ್ಚುಕಟ್ಟಾಗಿದೆ.

ಮೂರ್ನಿ

(ಹಾಳೆಯ ಹಿಂಬದಿಯಲ್ಲಿ, ಪೆನ್ಸಿಲ್‌ನಲ್ಲಿ)

ಬಪಾ ನಾನು ಪುಟು. ಮೆಮೆ ಲಕೋಟೆ ತರಕ್ಕೆ ಹೋಗಿದಾಳೆ. ಕೊಮಾಂಗ್ ನೆಲದ ಮೇಲೆ ನಿಂತಳು. ಒತೊನ್‌ಗೆ ಮುಂಚೇನೇ. ಊರಲ್ಲಿ ಯಾರಿಗೂ ಹೇಳಬಾರದು ಅಂತ ಮೆಮೆ ಆಣೆ ಹಾಕಿಸಿದಾಳೆ. ನೀನು ಊರಲ್ಲಿ ಇಲ್ಲವಲ್ಲ ಅದಕ್ಕೆ ಹೇಳಿದೆ. ನಾವು ಆನೆ ಮಾಡಿದೆವು. ದಾದೊಂಗ್ ಅತ್ತಳು. ಆವತ್ತು ಕಾಗದ ತಿಂದಿದ್ದು ಇಲಿ ಅಲ್ಲ ಕಾದೆಕ್.


ಮಯಾಮಿ ಬಂದರು
ಮಾರ್ಚ್ ೧೦

ಮೂರ್ನಿ,

ನಿನ್ನ ಕಾಗದವನ್ನು ಮೊದಲು ಓದಿದೆ. ನಾವು ಪ್ರಯಾಣಿಕರ ಕೋಣೆಯಲ್ಲಿ ಒಂದು ಚೀಟಿ ಇಟ್ಟು ಬರುತ್ತೇವೆ. ಎಲ್ಲ ಅಚ್ಚುಕಟ್ಟಾಗಿದೆ, ನಿಮ್ಮ ದಿನ ಸುಖವಾಗಿರಲಿ, ಎಂದು. ನಿನ್ನ ಕಾಗದ ಹಾಗೇ ಇತ್ತು. ಇವಳಿಗೆ ನಾನು ಬೇಡವಾದೆ ಎಂದುಕೊಂಡೆ. ಮಡಚುವಾಗ ಹಿಂಬದಿ ಕಂಡಿತು.

ಪುಟುವನ್ನು ಬೈಯಬೇಡ. ಅವಳು ಆಣೆ ಮುರಿದಿಲ್ಲ, ನಾನು ನಿಜವಾಗಿಯೂ ಊರಲ್ಲಿಲ್ಲ. ಆ ಆರು ಸಾಲು ಓದಿ ಎಷ್ಟು ನಕ್ಕೆನೆಂದರೆ ಮೇಲಿನ ಹಾಸಿಗೆಯಲ್ಲಿದ್ದ ರೊಡೆಲ್ ಇಳಿದು ಬಂದು, "ಏನಯ್ಯಾ, ಬುದ್ಧಿ ನೆಟ್ಟಗಿದೆಯಾ?" ಎಂದ. ಫಿಲಿಪೀನ್ಸಿನವನು, ನಾಲ್ಕು ಮಕ್ಕಳ ತಂದೆ. ಅವನಿಗೆ ಅರ್ಥ ಹೇಳಿದೆ. ಅವನು ನಗಲಿಲ್ಲ. ಇನ್ನೊಂದು ಸಲ ಓದು ಎಂದ. ಈಗ ಊಟದ ಮನೆಯಲ್ಲಿ ಕೆಳಗಿನ ಮಹಡಿಯವರೆಲ್ಲ ನನ್ನನ್ನು ಕೇಳುತ್ತಾರೆ, ಆನೆಗೆ ಅಜ್ಜಿ ಯಾಕೆ ಅತ್ತರು? ನನಗೆ ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ನನ್ನದೇ ಮನೆ, ನನ್ನದೇ ಅಮ್ಮ.

ನಾನೂ ನಿನಗೆ ಎಲ್ಲ ಬರೆದಿಲ್ಲ. ಹೋದ ವಾರ ಎರಡು ಪುಟ್ಟ ಮಕ್ಕಳಿದ್ದ ಕೋಣೆಗೆ ಹೋದೆ. ಹಾಸಿಗೆಯ ಮೇಲೆ ಬಿಸ್ಕತ್ತಿನ ಪುಡಿ, ಕನ್ನಡಿಯ ಮೇಲೆ ಅಂಗೈ ಗುರುತು, ಮೂಲೆಯಲ್ಲಿ ಒಂದೇ ಕಾಲುಚೀಲ, ಎಲ್ಲೆಲ್ಲೂ ಹಳಸಿದ ಹಾಲಿನ ವಾಸನೆ. ಬೇಗ ಮುಗಿಸಬೇಕಿತ್ತು. ನಾನು ಬಾಗಿಲು ಹಾಕಿಕೊಂಡು ಆ ಪುಡಿಯ ನಡುವೆ ಸುಮ್ಮನೆ ಕೂತೆ. ಕನ್ನಡಿ ಒರೆಸಲು ಮನಸ್ಸು ಬರಲಿಲ್ಲ. ಆವತ್ತು ಮೇಲಿನವನಿಂದ ಬೈಸಿಕೊಂಡೆ.

ಬರೆ, ಮೂರ್ನಿ. ಮಗು ನೆಲ ಮುಟ್ಟಿದ್ದು ಹೇಗೆ? ಆನೆಗೆ ಏನಾಯಿತು? ಕಾದೆಕ್ ಏನೇನು ತಿಂದ? ಬೇಗ ಬರೆ. ಏಪ್ರಿಲ್ ಮೊದಲ ವಾರ ಹಡಗು ಇಲ್ಲಿಂದ ಹೊರಡುತ್ತದೆ. ನಿನ್ನ ಉತ್ತರ ನೋಡಿಯೇ ನಾನು ಅವರಿಗೆ ಉತ್ತರ ಹೇಳುವುದು.

ನೆಂಗಾ


ಸಿದೆಮೆನ್
ಏಪ್ರಿಲ್ ೫

ಬ್ಲಿ,

ಈ ಹಾಳೆಯ ಮೇಲಿನ ಕಲೆ ಕಾಫಿಯದಲ್ಲ, ಉಚ್ಚೆ. ಜನವರಿಯದೂ ಅದೇ. ಕೇಳಿದಿರಲ್ಲ, ತಗೊಳ್ಳಿ.

ನೀವು ಹೊರಟ ದಿನ ದಾದೊಂಗ್ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದ್ದರು. "ನೀರಿನ ಮೇಲಿರೋ ಗಂಡಸಿಗೆ ಮನೆ ರಂಪ ಎಲ್ಲಾ ಬರೀಬೇಡ ಕಣೆ. ಅವನ ಮನಸ್ಸು ಅಲ್ಲಾಡಿದ್ರೆ ಹಡಗೂ ಅಲ್ಲಾಡುತ್ತೆ." ಹಾಗಾಗಿ ಇಷ್ಟು ತಿಂಗಳು ನಿಮ್ಮ ಹಡಗನ್ನು ಅಲ್ಲಾಡದಂತೆ ಹಿಡಿದುಕೊಂಡಿದ್ದೆ. ಇನ್ನು ಏನಾದರೂ ಆಗಲಿ, ಗಟ್ಟಿಯಾಗಿ ಏನನ್ನಾದರೂ ಹಿಡಿದುಕೊಂಡು ಓದಿ.

ನಮ್ಮಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ. ಬೆಳಿಗ್ಗೆ ನಾನು ಎಲೆಬುಟ್ಟಿಯಲ್ಲಿ ಹೂವು, ಅದರ ಮೇಲೊಂದು ಬಿಸ್ಕತ್ತು ಇಟ್ಟು, ಊದುಬತ್ತಿ ಹಚ್ಚಿ ಗುಡಿಯಿಂದ ಗುಡಿಗೆ ಇಡುತ್ತಾ ಹೋಗುತ್ತೇನೆ. ನನ್ನ ಹಿಂದೆ ಕಾದೆಕ್ ಬಿಸ್ಕತ್ತು ತಿನ್ನುತ್ತಾ ಬರುತ್ತಾನೆ. ಕೈಹಿಡಿದು ನಿಲ್ಲಿಸಿ, ದೇವರ ಬಿಸ್ಕತ್ತು ಕಣೋ ಎಂದರೆ, "ದೇವರು ಬರೀ ವಾಸನೆ ತಗೋತಾರೆ ಅಂತ ನೀನೇ ಹೇಳಿದ್ದೆ. ತಗೊಂಡಾಯ್ತು, ನಾನು ನೋಡ್ದೆ," ಎನ್ನುತ್ತಾನೆ. ಪೂಜಾರಿಗೆ ಹೇಳೋಣವೆಂದರೆ ಅವರೂ ಇದನ್ನೇ ಹೇಳಿಯಾರು ಎಂದು ಸುಮ್ಮನಾದೆ.

ಕೊಮಾಂಗ್ ದಾದೊಂಗ್ ಅವರ ಜಡೆ ಎಳೆಯುತ್ತಾಳೆ. "ಬಿಡಿ ಅತ್ತೆಮ್ಮಾ, ನೋಯುತ್ತೆ. ನೀವು ಹೋದ ಜನ್ಮದಲ್ಲೂ ಹಿಂಗೇ ಎಳೀತಿದ್ರಿ," ಎಂದು ಅವರು ಬೇಡಿಕೊಳ್ಳುತ್ತಾರೆ. ಅವಳನ್ನು ಕೆಳಗಿಡುವಂತಿಲ್ಲ, ನನಗೋ ಎರಡೇ ಕೈ. ಬೆಳಿಗ್ಗೆ ದಾದೊಂಗ್ ಮಡಿಲು, ಅಕ್ಕಿ ಬೇಯಿಸುವಾಗ ಪಕ್ಕದ ಮನೆಯ ಮೆನ್ ಸುಕ್ರಿಯ ಮಡಿಲು, ಶಾಲೆ ಬಿಟ್ಟ ಮೇಲೆ ಪುಟುವಿನದು. ನಿಮ್ಮ ಹಿಂದಿನ ಕಾಗದ ಬಂದ ದಿನ ಕಾದೆಕ್ ಹಂದಿಯನ್ನು ಬಿಚ್ಚಿಬಿಟ್ಟಿದ್ದ. ನಾನು ಮಗುವನ್ನು ಅಂಚೆಯವನ ಮಡಿಲಿಗೆ ಹಾಕಿ ಹಂದಿಯ ಹಿಂದೆ ಓಡಿದೆ. ಆಮೇಲೆ ಆತ ಊರಿಗೆಲ್ಲ ಟಪಾಲು ತಡವಾಗಿ ಕೊಟ್ಟನಂತೆ, ಮಗು ನಿದ್ದೆ ಹೋಗಿತ್ತು, ಎಬ್ಬಿಸಲು ಮನಸ್ಸಾಗಲಿಲ್ಲವಂತೆ.

ನಿಮ್ಮ ಆನೆಯ ಕಥೆ. ನಮ್ಮ ಮನೆಯಲ್ಲಿ ಬಿಳಿ ಟವೆಲ್ ಎಲ್ಲಿಂದ ಬರಬೇಕು? ದಾದೊಂಗ್ ಅವರು ದೇವಸ್ಥಾನಕ್ಕೆಂದು ತೆಗೆದಿಟ್ಟಿದ್ದ ಬಿಳಿ ಸೊಂಟವಸ್ತ್ರ ಸಿಕ್ಕಿತು. ಮಡಚಿದರೆ ಆನೆ ನಿಲ್ಲಲಿಲ್ಲ, ಮಕ್ಕಳು ಒಳಗೆ ತೌಡು ತುಂಬಿದರು. ಕಣ್ಣಿಲ್ಲದೆ ಅದಕ್ಕೆ ದಾರಿ ಕಾಣುವುದಿಲ್ಲವೆಂದು ದಾದೊಂಗ್ ಅವರ ಎಲೆಅಡಿಕೆಯ ಕೆಂಪು ಉಗುಳಿನಿಂದ ಎರಡು ಕಣ್ಣು ಬರೆದರು. ದಾದೊಂಗ್ ಅತ್ತರು. ನಾನು ಮೂರು ನೀರು ಹಾಕಿ ಒಗೆದೆ, ಕಣ್ಣು ಹೋಗಲಿಲ್ಲ. ಹಬ್ಬದ ದಿನ ಅದನ್ನೇ, ಕಣ್ಣು ಹಿಂದೆ ಬರುವಂತೆ ಸುತ್ತಿಕೊಂಡು ಹೋದರು. ಹಿಂದಿನ ಸಾಲಿನವರೆಲ್ಲ ಆನೆಯನ್ನು ನೋಡಿಕೊಂಡೇ ಕೈಮುಗಿದರು. ಇದನ್ನು ನಿಮ್ಮ ಹಡಗಿನವರಿಗೆ ಹೇಳಿ.

ಇನ್ನು ನೆಲದ ವಿಷಯ. ಫೆಬ್ರವರಿಯ ಒಂದು ಮಧ್ಯಾಹ್ನ, ಮಳೆ ಆಗಷ್ಟೇ ನಿಂತಿತ್ತು. ದಾದೊಂಗ್ ಮಗುವನ್ನು ಜಗಲಿಯ ಮೇಲೆ ಮಲಗಿಸಿ, ನೋಡಿಕೋ ಎಂದು ಪುಟುವಿಗೆ ಹೇಳಿ ಸ್ನಾನಕ್ಕೆ ಹೋಗಿದ್ದರು. ನಾನು ಒಲೆಯ ಮುಂದಿದ್ದೆ. ಮನೆ ಸದ್ದಿಲ್ಲದೆ ಇತ್ತು. ಮೂರು ಮಕ್ಕಳ ಮನೆಯಲ್ಲಿ ಸದ್ದಿಲ್ಲವೆಂದರೆ ಎದ್ದು ಓಡಬೇಕು, ನಾನೋ ಎರಡು ನಿಮಿಷ ಅದರ ಸುಖ ಅನುಭವಿಸಿಬಿಟ್ಟೆ. ಕಣಜದ ಹಿಂದೆ ಹೋಗಿ ನೋಡಿದರೆ, ಪುಟು ಮಗುವನ್ನು ಕಂಕುಳಲ್ಲಿ ಕೈಕೊಟ್ಟು ಎತ್ತಿಹಿಡಿದಿದ್ದಾಳೆ (ಇದನ್ನು ನಿಮಗೆ ಬರೆದಿಲ್ಲ ಕಳ್ಳಿ), ಕಾದೆಕ್ ಕುಕ್ಕರಗಾಲಲ್ಲಿ ಕೂತು ಅವಳ ಪಾದಗಳನ್ನು ಒಂದೊಂದಾಗಿ ಕೆಸರಿಗೆ ಒತ್ತುತ್ತಿದ್ದಾನೆ.

"ಏನ್ರೋ ಮಾಡ್ತಿದೀರಾ?" ಎಂದೆ.

ಕಾದೆಕ್ ತಲೆ ಎತ್ತದೆ ಹೇಳಿದ. "ಅವಳು ದಿನಾ ಮಣ್ಣನ್ನೇ ನೋಡ್ತಾಳೆ ಮೆಮೆ. ಎಲ್ಲರಿಗೂ ಇದೆ. ಹಂದಿಗೂ ಇದೆ. ಇವಳಿಗೊಬ್ಬಳಿಗೇ ಇಲ್ಲ."

ಆಗ ಕೊಮಾಂಗ್ ನಕ್ಕಳು. ಅಲ್ಲಿಯವರೆಗೆ ಬಾಯಗಲಿಸುತ್ತಿದ್ದಳು ಅಷ್ಟೆ, ದನಿ ತೆಗೆದು ನಕ್ಕಿದ್ದು ಅದೇ ಮೊದಲು. ಕಾಲ್ಬೆರಳ ಸಂದಿಯಲ್ಲಿ ಕೆಸರು ಮೇಲೆ ಬಂದಂತೆಲ್ಲ ನಗುತ್ತಾಳೆ. ನಾನು ಓಡಿಹೋಗಿ ಎತ್ತಿಕೊಳ್ಳಬೇಕಿತ್ತು. ಎತ್ತಿಕೊಳ್ಳಲಿಲ್ಲ. ಅಲ್ಲೇ ಒದ್ದೆ ನೆಲದಲ್ಲಿ ಕೂತು ನೋಡಿದೆ. ಆಮೇಲೆ ನಾಲ್ವರೂ ನಕ್ಕೆವು. ಒಲೆಯ ಮೇಲಿನ ಅನ್ನ ಸೀದುಹೋಯಿತು. ನೀವು ಅಲ್ಲಿರಬೇಕಿತ್ತು ಬ್ಲಿ.

ಕಾಲು ತೊಳೆದು ಜಗಲಿಗೆ ತಂದ ಮೇಲೆ ಭಯವಾಯಿತು. ನಿಮಗೆಂದು ಎತ್ತಿಟ್ಟಿದ್ದ ಹೆಜ್ಜೆಯನ್ನು ಕಾದೆಕ್ ಖರ್ಚು ಮಾಡಿಬಿಟ್ಟಿದ್ದ. ದಾದೊಂಗ್‌ಗೆ ತಿಳಿದರೆ ಎದೆ ಒಡೆದುಕೊಂಡಾರು, ಅದು ಅವರ ಅತ್ತೆಯ ಪಾದ. ಅಂದಿನಿಂದ ಸಂಜೆ ನೆಲಕ್ಕಿಡುವ ಚಿಟಿಕೆ ಅನ್ನದ ಬದಲು ಒಂದು ಹಿಡಿ ಇಟ್ಟು ಮಣ್ಣಿನ ಕ್ಷಮೆ ಕೇಳುತ್ತಿದ್ದೇನೆ. ದಾದೊಂಗ್ ಮೊನ್ನೆ ಬಗ್ಗಿ ನೋಡಿ, "ಯಾಕೋ ಈ ಮನೆ ಇರುವೆಗಳೆಲ್ಲ ದಪ್ಪಗಾಗ್ತಿವೆ," ಎಂದರು. ನಾನು ಪಾತ್ರೆ ತೊಳೆಯಲು ಹೋದೆ.

ಹೋದ ವಾರ ನ್ಯೆಪಿ ಆಯಿತು. ಬೆಂಕಿ ಹಚ್ಚುವಂತಿಲ್ಲ, ಹೊರಗೆ ಹೋಗುವಂತಿಲ್ಲ, ಇಡೀ ಬಾಲಿ ಒಂದು ಹಗಲು ಒಂದು ರಾತ್ರಿ ಉಸಿರು ಬಿಗಿಹಿಡಿದು ಮೌನವಾಗಿರಬೇಕು. ಈ ಮೂವರನ್ನು ಇಟ್ಟುಕೊಂಡು ಮೌನ. ಬೆಳಗಿನಿಂದ ಪಿಸುಗುಟ್ಟಿಕೊಂಡೇ ಜಗಳವಾಡಿದರು. ಮಧ್ಯಾಹ್ನ ಓಣಿಯಲ್ಲಿ ನಾಯಿ ಸಹಿತ ಇರಲಿಲ್ಲ. ಕಾದೆಕ್ ಆ ಮೌನವನ್ನೆಲ್ಲ ಕೇಳಿಸಿಕೊಂಡು, ಜಗಲಿಯ ಕಂಬ ಹಿಡಿದು, ಎದೆ ತುಂಬ ಉಸಿರೆಳೆದುಕೊಂಡು "ಕೂ" ಎಂದು ಕೂಗಿಬಿಟ್ಟ.

ನಾನು ಬಾಯಿ ಮುಚ್ಚುವಷ್ಟರಲ್ಲಿ ಮೆನ್ ಸುಕ್ರಿಯ ಮನೆಯಿಂದ ಇನ್ನೊಂದು ಕೂ. ಆಮೇಲೆ ಕಟ್ಟೆಯ ಕಡೆಯಿಂದ. ಆಮೇಲೆ ಗದ್ದೆಯಾಚೆಯಿಂದ. ಊರಿನ ಮಕ್ಕಳೆಲ್ಲ ಇದಕ್ಕೇ ಕಾಯುತ್ತಿದ್ದವೋ ಏನೋ, ಮನೆಯಿಂದ ಮನೆಗೆ ಕೂ ದಾಟಿಕೊಂಡು ಬೆಟ್ಟದ ಬುಡದವರೆಗೆ ಹೋಯಿತು. ಒಬ್ಬ ತಾಯಿಯ ದನಿಯೂ ಕೇಳಲಿಲ್ಲ, ಎಲ್ಲರೂ ನನ್ನ ಹಾಗೇ ಒಂದು ಬಾಯಿ ಮುಚ್ಚಿ ಕೂತಿರಬೇಕು. ದಾದೊಂಗ್ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದರು, ಕಣ್ಣಲ್ಲಿ ನೀರು. ಊರ ಕಾವಲಿನವರು ನಮ್ಮ ಬಾಗಿಲಿಗೆ ಬಂದು ಗಂಭೀರವಾಗಿ ತುಟಿಯ ಮೇಲೆ ಬೆರಳಿಟ್ಟರು. ಹಿಂತಿರುಗಿ ಹೋಗುವಾಗ ಅವರ ಭುಜವೂ ಅಲುಗುತ್ತಿತ್ತು.

ಆ ರಾತ್ರಿ ದೀಪವಿಲ್ಲದ ಕತ್ತಲಲ್ಲಿ ಮೂವರೂ ನನ್ನ ಮೇಲೆ ಅಡ್ಡಾದಿಡ್ಡಿ ಬಿದ್ದು ನಿದ್ದೆ ಹೋದರು. ಯಾರದೋ ಹಿಮ್ಮಡಿ ನನ್ನ ಗಂಟಲ ಮೇಲಿತ್ತು. ನನಗೆ ನಿಮ್ಮ ಮೇಲೆ ವಿಪರೀತ ಸಿಟ್ಟು ಬಂತು. ಕಷ್ಟ ನನ್ನ ಪಾಲಿಗೆ ಬಿತ್ತು ಎಂದಲ್ಲ. ಈ ಸುಖವನ್ನೆಲ್ಲ ನಾನೊಬ್ಬಳೇ ತಿನ್ನುತ್ತಿದ್ದೇನೆ, ಹಂಚಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ ಎಂದು.

ಹೊತ್ತಿಗೆ ಸರಿಯಾಗಿ ಏನೂ ಆಗದ ಮನೆ ಇದು. ಮಾಡು ಇಲ್ಲದಿದ್ದರೆ ಇಲ್ಲ. ಬಂದು ಮಾಡುವುದೇನು ಎಂದು ಕೇಳಿದ್ದಿರಿ. ಇಲ್ಲಿ ಒಂದು ಮಡಿಲು ಕಡಿಮೆ ಇದೆ. ಅದನ್ನು ತನ್ನಿ, ಸಾಕು.

ನಿಮ್ಮ
ಮೂರ್ನಿ


ಲಿಸ್ಬನ್ ಬಂದರು
ಏಪ್ರಿಲ್ ೧೯

ಮೂರ್ನಿ,

ಹೊರಡುವ ದಿನದವರೆಗೆ ಮಯಾಮಿಯಲ್ಲಿ ಕಾದೆ. ಇಲ್ಲಿ ಇಳಿದ ಕೂಡಲೇ ಹೋಗಿ ಕೇಳಿದೆ. ನನ್ನ ಹೆಸರಿಗೆ ಏನೂ ಇರಲಿಲ್ಲ. ರೊಡೆಲ್‌ಗೆ ಮೂರು ಬಂದಿದ್ದವು, ಒಂದನ್ನು ನನ್ನ ಮುಂದೆ ಗಟ್ಟಿಯಾಗಿ ಓದಿದ, ಪಾಪ.

ಏನೂ ಬರೆಯದಿರುವುದೂ ಒಂದು ಉತ್ತರವೇ ಎಂದುಕೊಂಡೆ. ನಾನು ಕೇಳಬಾರದ್ದನ್ನು ಕೇಳಿರಬೇಕು. ಇಂದು ಸಹಿ ಹಾಕಿದೆ. ವರ್ಷದ ಕೊನೆಗೆ ಬರುತ್ತೇನೆ. ಒತೊನ್ ದಿನ ಅಣ್ಣ ಮಗುವನ್ನು ಇಳಿಸುವಾಗ ಬಲಗಾಲು ಮೊದಲು ಇಳಿಸಲು ಹೇಳು.

ನೆಂಗಾ


ಸಿದೆಮೆನ್
ಮೇ ೪

ಬ್ಲಿ ನೆಂಗಾ ಅವರಿಗೆ,

ಸಹಿ ಹಾಕಿದ್ದು ತಿಳಿಯಿತು. ನನ್ನ ಉದ್ದದ ಕಾಗದ ಈ ವೇಳೆಗೆ ಸಿಕ್ಕಿರುತ್ತದೆ. ಅದರಲ್ಲಿ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮನ್ನೂ ನಿಮ್ಮ ಹಡಗಿನವರನ್ನೂ ನಗಿಸಲೆಂದು ಬರೆದದ್ದು, ಅಷ್ಟೆ. ಸಹಿ ಅಳಿಸಲಾಗದು ಎಂದು ನನಗೂ ಗೊತ್ತು.

ಅಣ್ಣನಿಗೆ ಬಲಗಾಲಿನ ವಿಷಯ ಹೇಳಿದ್ದೇನೆ. ಪೂಜಾರಿಗೆ ತಿಳಿಸಿದ್ದೇನೆ. ಹೂವು, ಬಾತುಕೋಳಿ, ಹಳದಿ ಬಟ್ಟೆ ಎಲ್ಲ ಹೊಂದಿಸಿದ್ದಾಗಿದೆ.

ಮಕ್ಕಳು ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ, ಹೊತ್ತಿಗೆ ಸರಿಯಾಗಿ ಮಲಗುತ್ತಾರೆ. ಇಲ್ಲಿ ಎಲ್ಲ ಅಚ್ಚುಕಟ್ಟಾಗಿದೆ.

ಮೂರ್ನಿ


ಬಾರ್ಸಿಲೋನಾ ಬಂದರು
ಮೇ ೯

ಮೂರ್ನಿ,

ನಿನ್ನ ಏಪ್ರಿಲ್‌ನ ಕಾಗದ ಇಂದು ಸಿಕ್ಕಿತು. ಮಯಾಮಿಗೆ ಹೋಗಿ, ಲಿಸ್ಬನ್‌ಗೆ ಬಂದು, ನಮ್ಮನ್ನು ಹುಡುಕಿಕೊಂಡು ಇಲ್ಲಿಗೆ ಬಂದಿದೆ. ಲಕೋಟೆಯ ಮೇಲೆ ಜಾಗವೇ ಇಲ್ಲದಷ್ಟು ಮುದ್ರೆಗಳು.

ಲಿನನ್ ಕೋಣೆಯಲ್ಲಿ ಮಡಚಿದ ಟವೆಲ್‌ಗಳ ನಡುವೆ ಕೂತು ಓದಿದೆ. ಆನೆಯ ಕಣ್ಣಿನವರೆಗೆ ನಕ್ಕೆ. ಕೊನೆಯ ಸಾಲಿಗೆ ಬಂದಾಗ ಒಂದು ಟವೆಲ್ ಪೂರ್ತಿ ಒದ್ದೆಯಾಗಿತ್ತು. ಎದ್ದು ನೇರ ಮೇಲಿನವನ ಹತ್ತಿರ ಹೋಗಿ, ನನ್ನ ಸಹಿ ವಾಪಸ್ ಕೊಡಿ ಎಂದೆ. ಏನು ಕಾರಣ ಎಂದ. ನಮ್ಮ ಮನೆಯಲ್ಲಿ ಒಂದು ಮಡಿಲು ಕಡಿಮೆ ಇದೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ರೊಡೆಲ್ ಮುಂದೆ ಬಂದು, ಮೇಲಿನವನ ಭಾಷೆಯಲ್ಲೇ ಏನೇನೋ ಹೇಳಿದ. ಏನು ಹೇಳಿದೆಯೋ ಎಂದು ಕೇಳಿದರೆ, "ನಿನಗ್ಯಾಕೆ? ಹೋಗು, ಸಾಮಾನು ಕಟ್ಟು," ಎಂದ. ಈ ಹಡಗಿನವರು ನನ್ನನ್ನು ಇನ್ನು ಕರೆಯುವುದಿಲ್ಲ. ಮಾಡು ನಿಧಾನಕ್ಕೆ ಆಗಲಿ.

ಈ ಕಾಗದ ನನಗಿಂತ ನಿಧಾನವಾಗಿ ಬರುತ್ತದೆ. ಗೊತ್ತಿದ್ದೂ ಬರೆಯುತ್ತಿದ್ದೇನೆ, ಬರೆಯದೆ ಇರಲಾಗುತ್ತಿಲ್ಲ. ಕಾದೆಕ್ ಖರ್ಚು ಮಾಡಿದ ಹೆಜ್ಜೆಯ ಬಗ್ಗೆ ನನಗೆ ಬೇಸರವಿಲ್ಲ. ಎರಡನೆಯದು ಸಾಕು ನನಗೆ.

ನೆಂಗಾ


ಸಿದೆಮೆನ್
ಆಗಸ್ಟ್ ೨

ಸಿಂಗರಾಜದಲ್ಲಿ ತಂಗಿಯ ಬಾಣಂತನಕ್ಕೆ ಹೋಗಿರುವ ಮೂರ್ನಿಗೆ,

ಬೆಮೊ ಗಾಡಿಯವನು ನಿಮ್ಮ ಕಡೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಇಲ್ಲಿ ಎಲ್ಲ ಅಚ್ಚುಕಟ್ಟಾಗಿದೆ. ಮಕ್ಕಳು ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ, ಹೊತ್ತಿಗೆ ಸರಿಯಾಗಿ ಮಲಗುತ್ತಾರೆ. ನಮ್ಮ ಚಿಂತೆ ಬೇಡ. ಹಾಳೆಯ ಮೇಲಿನ ಕಲೆ ಕಾಫಿಯದು.

ನಿನ್ನೆ ರೊಡೆಲ್‌ನಿಂದ ಒಂದು ಲಕೋಟೆ ಬಂತು. ಒಳಗೆ ನಿನ್ನ ಮೇ ನಾಲ್ಕರ ಕಾಗದ. ನಾನು ಹಡಗಿನಿಂದ ಇಳಿದ ಮೇಲೆ ಅಲ್ಲಿಗೆ ಬಂದಿತ್ತಂತೆ. ಇಂಥದೊಂದು ಬರೆದಿದ್ದೆ ಎಂದು ನೀನು ಹೇಳಲೇ ಇಲ್ಲ. ನಾನು ಬಾಗಿಲಲ್ಲಿ ನಿಂತ ದಿನ, ಮಗುವನ್ನು ನನ್ನ ಕೈಗೆ ಹಾಕಿ, "ಹಿಡ್ಕೊಳ್ಳಿ, ಹಂದಿ ಬಿಚ್ಚಿಕೊಂಡಿದೆ," ಎಂದು ಓಡಿದೆಯಲ್ಲ. ಎಂಟು ತಿಂಗಳ ಮೇಲೆ ಬಂದ ಗಂಡನಿಗೆ ಇದೇ ಮಾತೇ ಎಂದು ಅಂದು ನಗು ಬಂದಿತ್ತು. ಹಂದಿ ಗೂಡಿನಲ್ಲೇ ಇದ್ದದ್ದು ಆಮೇಲೆ ನೋಡಿದೆ. ನೀನು ಕಣಜದ ಹಿಂದೆ ಯಾಕೆ ಅಷ್ಟು ಹೊತ್ತು ಇದ್ದೆ ಎಂದು ನಿನ್ನೆ ಈ ಕಾಗದ ಓದಿದಾಗ ತಿಳಿಯಿತು. ನಾಲ್ಕೇ ಸಾಲಿನ ಆ ಅಚ್ಚುಕಟ್ಟನ್ನು ಓದಲು ನನಗೆ ಒಂದು ಗಂಟೆ ಬೇಕಾಯಿತು.

ಇನ್ನೊಂದು ಸುದ್ದಿ ಇದೆ, ಕೂತುಕೊಂಡು ಓದು. ಅಮ್ಮನಿಗೆ ಎಲ್ಲ ಗೊತ್ತು. ಒತೊನ್ ದಿನ ಕೊಮಾಂಗ್ ನನ್ನ ಬೆರಳು ಹಿಡಿದು ಹಳೆಯ ನೆಂಟರ ಮನೆಗೆ ಬಂದವಳಂತೆ ನೆಲದ ಮೇಲೆ ಧಪಧಪ ಕಾಲು ಬಡಿದಾಗ, ಪೂಜಾರಿ, "ಮಗು ಹೆದರಲೇ ಇಲ್ಲವಲ್ಲ," ಎಂದರಲ್ಲ. ನೀನು ಆಕಾಶ ನೋಡಿದೆ, ನಾನು ಬಾತುಕೋಳಿ ನೋಡಿದೆ. ಅಮ್ಮ ಯಾರನ್ನೂ ನೋಡಲಿಲ್ಲ. ನಿನ್ನೆ ಎಲೆಅಡಿಕೆ ಕುಟ್ಟುತ್ತಾ ತಾವಾಗಿಯೇ ಹೇಳಿದರು.

"ಆವತ್ತು ಸ್ನಾನ ಮುಗಿಸಿ ಬಂದೆ. ಕಣಜದ ಹಿಂದೆ ಕೆಸರಲ್ಲಿ ಇಷ್ಟಿಷ್ಟೇ ಪಾದ. ಮೂರ್ನಿ ಎಳೇ ಜೀವ, ಹೆದರ್ಕೋತಾಳೆ ಅಂತ ನಾನೇ ಗುಡಿಸಿಬಿಟ್ಟೆ. ಒಂದು ಮಾತ್ರ ಉಳಿಸಿದ್ದೆ, ಎರಡು ದಿನ ನೋಡೋಣ ಅಂತ."

"ನಿನ್ನ ಅತ್ತೆಯ ಪಾದ ಅಲ್ವೇನಮ್ಮಾ, ಸಿಟ್ಟು ಬರಲಿಲ್ಲವಾ?" ಎಂದೆ.

"ನಮ್ಮತ್ತೆ ಬದುಕಿದ್ದಾಗ ಯಾರ ಮಾತು ಕೇಳಿದ್ರು? ಇಳೀಬೇಡಿ ಅಂದ ಕಡೆಗೇ ಇಳಿಯೋರು," ಎಂದರು. ಸ್ವಲ್ಪ ಹೊತ್ತು ಕುಟ್ಟಿದ ಮೇಲೆ, "ಅನ್ನ ಕಡಿಮೆ ಇಡೋಕ್ಕೆ ಹೇಳು ಅವಳಿಗೆ. ಮಣ್ಣಿಗೆ ಯಾವತ್ತೋ ಸಮಾಧಾನ ಆಗಿದೆ," ಎಂದರು.

ಇಷ್ಟೇ ವಿಷಯ. ಕಾದೆಕ್ ಹತ್ತಿರದಲ್ಲೇ ಆಡಿಕೊಂಡಿದ್ದಾನೆ, ಸದ್ದೇ ಇಲ್ಲ. ತಡೆ, ಸದ್ದೇ ಇಲ್ಲ. ನೋಡಿ ಬರುತ್ತೇನೆ

(ಕೆಳಗೆ, ಪೆನ್ಸಿಲ್‌ನಲ್ಲಿ)

ಮೆಮೆ ನಾನು ಪುಟು. ಕಲೆ ಕಾಫಿ ಅಲ್ಲ ನಿನಗೆ ಗೊತ್ತಲ್ಲ. ಕಾದೆಕ್ ಹುಂಜದ ಬುಟ್ಟಿ ಬೋರಲು ಹಾಕ್ಕೊಂಡು ಒಳಗೆ ಕೂತಿದ್ದ. ಹುಂಜ ಅಡುಗೆಮನೇಲಿ ಇತ್ತು. ಬಪಾ ಎರಡನ್ನೂ ಹಿಡಿದ. ಅನ್ನ ಸೀದು ಹೋಯ್ತು. ನಾವು ಬರೀ ಬಿಸ್ಕತ್ತು ತಿಂದೆವು, ದೇವರು ವಾಸನೆ ತಗೊಂಡ ಮೇಲೆ. ಬಪಾ ನಗ್ತಾ ನಗ್ತಾ ದಾದೊಂಗ್ ಮಡಿಲಲ್ಲಿ ತಲೆ ಇಟ್ಟು ಹಾಗೇ ನಿದ್ದೆ ಮಾಡಿಬಿಟ್ಟ. ಗಾಡಿಯವನು ಹಾರ್ನ್ ಹೊಡೀತಿದಾನೆ. ಕೊಮಾಂಗ್‌ಗೆ ಈಗ ನೆಲ ಸಾಕು. ಮಡಿಲು ಬೇಕಾಗಿರೋದು ಬಪಾಗೆ. ಬೇಗ ಬಾ.